ಹಗುರ ಬ್ರೌಸರಿನ ಪೂರ್ವೋತ್ತರ

ನಿತ್ಯವೂ ಬಳಸುವ ಉಪಕರಣಗಳಲ್ಲಿ ಯಾವುದನ್ನು ನಾವು ಬುದ್ಧಿಪೂರ್ವಕವಾಗಿ ಆರಿಸಿಕೊಂಡೆವು, ಯಾವುದು ತಾನಾಗಿಯೇ ಕೈಗೆ ಬಂದು ಅಲ್ಲಿಯೇ ನೆಲೆಸಿತು ಎಂದು ವಿಚಾರಿಸಹೊರಟರೆ, ಹೆಚ್ಚಿನವು ಎರಡನೆಯ ಪಂಕ್ತಿಯಲ್ಲಿಯೇ ಕುಳಿತಿರುವುದು ಕಾಣುತ್ತದೆ. ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ಬ್ರೌಸರ್ ಎಂಬ ತಂತ್ರಾಂಶವೂ ಈ ಪಂಕ್ತಿಗೇ ಸೇರಿದುದು. ಗಣಕದ ಜೊತೆಯಲ್ಲಿ ಬಂದದ್ದನ್ನೇ ವರ್ಷಗಟ್ಟಲೆ ಬಳಸಿ, ಅದು ಹಳತಾಗಿ, ಪುಟಗಳು ಅಡ್ಡಾದಿಡ್ಡಿಯಾಗಿ ಮೂಡತೊಡಗಿ, ಒಂದೊಂದಕ್ಕೂ ಕಾದು ಕಾದು ಬೇಸತ್ತ ಮೇಲೆಯೇ ಜನ ಇನ್ನೊಂದನ್ನು ಅರಸುವುದು. ಹೀಗೆ ಅರಸಿದವರ ಚರಿತ್ರೆಗೆ ಈಗ ಮೂವತ್ತು ವರ್ಷಗಳಿಗೂ ಮೇಲ್ಪಟ್ಟ ವಯಸ್ಸಾಗಿದೆ. ಅದನ್ನು ಆದ್ಯಂತವಾಗಿ ಅವಲೋಕಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಜನ ತಾವಾಗಿ ಆರಿಸಿದ ಬ್ರೌಸರ್ ಬಹುಮಟ್ಟಿಗೆ ಹಗುರವಾಗಿ, ಚುರುಕಾಗಿ ಬಂದುದು, ಅಗ್ರಸ್ಥಾನ ದೊರೆತ ಬಳಿಕ ಅದು ಒಂದೋ ಮೈ ಬೆಳೆಸಿಕೊಂಡಿತು, ಇಲ್ಲವೇ ನಿದ್ರೆಹೋಯಿತು.

ಮೊದಲನೆಯ ಬ್ರೌಸರ್ ಹುಟ್ಟಿದುದು 1990ರ ಕೊನೆಯಲ್ಲಿ, ಜಿನೀವಾ ನಗರದ ಸಮೀಪದ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾಲಯದಲ್ಲಿ. ಅದನ್ನು ಟಿಮ್ ಬರ್ನರ್ಸ್-ಲೀ ಅವರು ನೆಕ್ಸ್ಟ್ ಎಂಬ ಗಣಕದ ಮೇಲೆ ರಚಿಸಿದರು. ಪುಟವನ್ನು ಓದುವುದಕ್ಕೂ ತಿದ್ದುವುದಕ್ಕೂ ಅದರಲ್ಲಿ ಅನುಕೂಲವಿದ್ದಿತಾದರೂ, ಆ ಗಣಕವನ್ನುಳ್ಳವರು ವಿರಳವಾಗಿದ್ದುದರಿಂದ ಅದರ ಪ್ರಯೋಜನ ಕೆಲವರಿಗೇ ಸೀಮಿತವಾಗಿತ್ತು. ಜಾಲವನ್ನು ಹೊರಗಿನ ಲೋಕಕ್ಕೆ ಒಯ್ದುದು ನಿಕೋಲಾ ಪೆಲೋ ಎಂಬ ವಿದ್ಯಾರ್ಥಿನಿ ಬರೆದ ಅತಿ ಸರಳವಾದ ಇನ್ನೊಂದು ಬ್ರೌಸರ್. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಮೌಸಿನ ಪ್ರಸಕ್ತಿಯೇ ಇಲ್ಲ; ಅಕ್ಷರಗಳು ಸಾಲುಸಾಲಾಗಿ ಮೂಡುತ್ತಿದ್ದವು, ಪ್ರತಿಯೊಂದು ಕೊಂಡಿಯ ಪಕ್ಕದಲ್ಲಿಯೂ ಒಂದು ಅಂಕಿ ಇರುತ್ತಿತ್ತು, ಆ ಅಂಕಿಯನ್ನು ಒತ್ತಿದರೆ ಮುಂದಿನ ಪುಟ ತೆರೆಯುತ್ತಿತ್ತು. ಎಂತಹ ಬಡ ಗಣಕದಲ್ಲಿಯಾದರೂ ನಡೆಯಬಲ್ಲ ಈ ಸಾಧುಸ್ವಭಾವವೇ ಅದರ ಬಲವಾಯಿತು. 1993ನೆಯ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಜಾಲದ ಮೂಲ ತಂತ್ರಾಂಶವನ್ನು ಸಾರ್ವಜನಿಕರ ಸ್ವತ್ತೆಂದು ಘೋಷಿಸಿದ ಮೇಲೆ, ಯಾರು ಬೇಕಾದರೂ ಯಾರ ಅಪ್ಪಣೆಯೂ ಇಲ್ಲದೆ ಬ್ರೌಸರನ್ನು ಕಟ್ಟಬಹುದಾಯಿತು. ಮುಂದಿನ ಎಲ್ಲ ಪೈಪೋಟಿಗೂ ಈ ಔದಾರ್ಯವೇ ತಳಹದಿ.

ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಮಾರ್ಕ್ ಆಂಡ್ರೀಸನ್, ಎರಿಕ್ ಬೀನಾ ಎಂಬಿಬ್ಬರು ಮೊಸಾಯಿಕ್ ಎಂಬ ಬ್ರೌಸರನ್ನು ಹೊರತಂದರು. ಅಕ್ಷರಗಳ ನಡುವೆಯೇ ಚಿತ್ರಗಳನ್ನು ತೋರಿಸುತ್ತಿದ್ದ ಅದನ್ನು ಕಂಡು ಲೋಕ ಬೆರಗಾಯಿತು. ಆದರೆ ವಿಶ್ವವಿದ್ಯಾಲಯದ ವೇಗದ ಸಂಪರ್ಕಕ್ಕೆ ಒಗ್ಗಿದ ಈ ಯಂತ್ರವನ್ನು ಮನೆಯ ಟೆಲಿಫೋನ್ ತಂತಿಗೆ ಕಟ್ಟಿದಾಗ ಅದರ ದೌರ್ಬಲ್ಯ ಬಯಲಾಯಿತು. ಸೆಕೆಂಡಿಗೆ 14.4 ಕಿಲೋಬಿಟ್ ಸಾಗಿಸುವ ಮೋಡೆಮಿನಲ್ಲಿ ಐವತ್ತು ಕಿಲೋಬೈಟಿನ ಒಂದು ಚಿತ್ರ ಬರಲು ಅರ್ಧ ನಿಮಿಷದಷ್ಟು ಹಿಡಿಯುತ್ತದೆ. ಚಿತ್ರ ಬರುವ ತನಕ ಓದುಗನು ಖಾಲಿ ಪುಟವನ್ನು ನೋಡುತ್ತ ಕೂರಬೇಕು. ಆಂಡ್ರೀಸನ್ ಅವರು ಜಿಮ್ ಕ್ಲಾರ್ಕ್ ಅವರೊಡಗೂಡಿ 1994ರಲ್ಲಿ ಸ್ಥಾಪಿಸಿದ ಸಂಸ್ಥೆ ಅದೇ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ನೆಟ್‌ಸ್ಕೇಪ್ ನ್ಯಾವಿಗೇಟರ್ ಈ ಸಂಕಟವನ್ನು ಪರಿಹರಿಸಿತು. ಅದು ಅಕ್ಷರಗಳನ್ನು ಬಂದಂತೆಯೇ ತೋರಿಸಿ, ಚಿತ್ರಗಳನ್ನು ತರುವಾಯ ತುಂಬುತ್ತಿತ್ತು. ತಂತಿಯ ವೇಗ ಹೆಚ್ಚಲಿಲ್ಲ; ಕಾಯುವವನ ಆಯಾಸ ಮಾತ್ರ ಇಳಿಯಿತು. ಅಷ್ಟರಿಂದಲೇ ಮೊಸಾಯಿಕ್ ಹಳೆಯದಾಯಿತು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತುದು 1995ನೆಯ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಚಿತ್ರಸಹಿತವಾದ ಸಂಪರ್ಕದ ಬೆಲೆ ಸಾಮಾನ್ಯರಿಗೆ ಎಟುಕುವಂತಿರಲಿಲ್ಲ. ವಿದ್ಯಾರ್ಥಿಗಳ ಪಾಲಿಗೆ ಬಂದುದು ‘ಶೆಲ್’ ಎಂಬ ಅಗ್ಗದ ಖಾತೆ. ಅದರಲ್ಲಿ ನಡೆಯುತ್ತಿದ್ದುದು ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹುಟ್ಟಿದ ಲಿಂಕ್ಸ್ ಎಂಬ, ಬರಿಯ ಅಕ್ಷರಗಳ ಬ್ರೌಸರ್. ಕರಿಯ ತೆರೆಯ ಮೇಲೆ ಬಾಣದ ಕೀಲಿಗಳನ್ನು ಒತ್ತುತ್ತ ಜಗತ್ತಿನ ಗ್ರಂಥಾಲಯಗಳನ್ನು ಸುತ್ತಿದ ಆ ತಲೆಮಾರಿನವರಿಗೆ ‘ಹಗುರ’ವೆಂಬುದು ಆಯ್ಕೆಯಾಗಿರಲಿಲ್ಲ, ವಿಧಿಯಾಗಿತ್ತು. ಆದರೂ ಓದಿಗೆ ನಿಜವಾಗಿ ಬೇಕಾದುದು ಎಷ್ಟು ಅಲ್ಪ ಎಂಬುದನ್ನು ಅವರು ಆಗಲೇ ಕಂಡುಕೊಂಡರು.

ಮೈಕ್ರೋಸಾಫ್ಟ್ ಸಂಸ್ಥೆಯ ಪ್ರವೇಶವಾದುದು ಅದೇ ಆಗಸ್ಟಿನಲ್ಲಿ. ಸ್ಪೈಗ್ಲಾಸ್ ಎಂಬ ಕಂಪೆನಿಯಿಂದ ಮೊಸಾಯಿಕಿನ ಹಕ್ಕನ್ನು ಪಡೆದು ಕಟ್ಟಿದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮೊದಲಿಗೆ ಪ್ರತ್ಯೇಕವಾದ ಪೊಟ್ಟಣದಲ್ಲಿ ಬಂದು, ಅನಂತರ ವಿಂಡೋಸಿನ ಅಂಗವೇ ಆಗಿಹೋಯಿತು. ಕಚೇರಿಗಳು ನೆಟ್‌ಸ್ಕೇಪಿಗೆ ಹಣ ತೆರಬೇಕಾಗಿದ್ದಾಗ ಇದು ಪುಕ್ಕಟೆ. ನೆಟ್‌ಸ್ಕೇಪನ್ನು ಹುಡುಕಿ ತರಬೇಕಾಗಿದ್ದಾಗ ಇದು ಗಣಕ ಕೊಂಡ ದಿನವೇ ತೆರೆಯ ಮೇಲೆ ಸಿದ್ಧ. ಈ ಜಯ ವೇಗದ ಜಯವಲ್ಲ, ನೆಲದ ಒಡೆತನದ ಜಯ ಎಂಬ ಆಕ್ಷೇಪ ನ್ಯಾಯವಾದುದೇ; ಅಮೆರಿಕದ ಸರಕಾರ 1998ರ ಮೇ ತಿಂಗಳಿನಲ್ಲಿ ಹೂಡಿದ ಏಕಸ್ವಾಮ್ಯ ವಿರೋಧದ ಮೊಕದ್ದಮೆಯ ತಿರುಳೂ ಅದೇ. ಆದರೆ ನೆಟ್‌ಸ್ಕೇಪಿನ ಪತನಕ್ಕೆ ಅದರ ಕೈವಾಡವೂ ಕಾರಣವೆಂಬುದನ್ನು ಮರೆಮಾಚಲಾಗದು. 1997ರಲ್ಲಿ ಅದು ಬ್ರೌಸರಿನೊಡನೆ ಅಂಚೆ, ಸುದ್ದಿಗುಂಪು, ಪುಟರಚನೆಯ ಸಾಧನ ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ ‘ಕಮ್ಯುನಿಕೇಟರ್’ ಎಂದು ಹೆಸರಿಟ್ಟು ಕೊಟ್ಟಿತು. ಕುಡಿಯಲು ನೀರು ಕೇಳಿದವನನ್ನು ಮದುವೆಯೂಟದ ಪಂಕ್ತಿಯಲ್ಲಿ ಎಲೆ ಹಾಕಿ ಕುಳ್ಳಿರಿಸಿದಂತಾಯಿತು. ಅಂದಿನ ಗಣಕಗಳು ಆ ಭಾರಕ್ಕೆ ಏದುಸಿರುಬಿಟ್ಟವು.

ಸೋಲು ಖಚಿತವಾದಾಗ ನೆಟ್‌ಸ್ಕೇಪ್ ಮಾಡಿದ ಒಂದು ಕಾರ್ಯ ಮಾತ್ರ ಅದರ ಎಲ್ಲ ದೋಷಗಳನ್ನೂ ತೊಳೆಯತಕ್ಕುದು. 1998ನೆಯ ಮಾರ್ಚ್ 31ರಂದು ಅದು ತನ್ನ ಬ್ರೌಸರಿನ ಮೂಲಸಂಕೇತವನ್ನು ಲೋಕದ ಮುಂದೆ ತೆರೆದಿಟ್ಟಿತು. ಮೊಜಿಲ್ಲಾ ಯೋಜನೆ ಆರಂಭವಾಯಿತು. ಹಳೆಯ ಕಟ್ಟಡದ ರಿಪೇರಿ ಸಾಧ್ಯವಿಲ್ಲವೆಂದು ಕಂಡು ಎಲ್ಲವನ್ನೂ ಬುಡದಿಂದ ಬರೆಯುವ ನಿಶ್ಚಯವಾದುದರಿಂದ ವರ್ಷಗಳು ಉರುಳಿದವು; ಮೊಜಿಲ್ಲಾದ ಪ್ರಥಮ ಪೂರ್ಣಾವೃತ್ತಿ ಬಂದುದು 2002ರ ಜೂನಿನಲ್ಲಿ. ಅಷ್ಟರಲ್ಲಿ, 2001ರ ಆಗಸ್ಟಿನಲ್ಲಿ ಬಿಡುಗಡೆಯಾದ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ ವಿಂಡೋಸ್ ಎಕ್ಸ್‌ಪಿಯ ಜೊತೆಗೂಡಿ ಭೂಮಂಡಲವನ್ನೇ ಆವರಿಸಿತ್ತು. ಜಾಲವನ್ನು ಬಳಸುವವರಲ್ಲಿ ಶೇಕಡಾ 90ಕ್ಕೂ ಹೆಚ್ಚಿನವರು ಎಕ್ಸ್‌ಪ್ಲೋರರಿನ ಮೂಲಕವೇ ನೋಡುತ್ತಿದ್ದರು. ಎದುರಾಳಿ ಇಲ್ಲದ ಮಲ್ಲನು ಸಾಮು ಮಾಡುವುದನ್ನು ನಿಲ್ಲಿಸಿದನು. ಏಳನೆಯ ಆವೃತ್ತಿ ಬಂದುದು 2006ರ ಅಕ್ಟೋಬರಿನಲ್ಲಿ. ನಡುವಿನ ಐದು ವರ್ಷ ಲೋಕವೆಲ್ಲ ಒಂದು ಹಳೆಯ ಯಂತ್ರವನ್ನೇ ತಿಕ್ಕಿ ತೊಳೆದು ಬಳಸಿತು. ಅದರ ರಂಧ್ರಗಳ ಮೂಲಕ ವೈರಸ್ಸುಗಳು ನುಗ್ಗಿದವು. 2004ರ ಬೇಸಗೆಯಲ್ಲಿ ಅಮೆರಿಕದ ಸರಕಾರಿ ಭದ್ರತಾ ಸಂಸ್ಥೆಯಾದ ಯುಎಸ್-ಸರ್ಟ್, ಪರಿಹಾರಗಳ ಪಟ್ಟಿಯಲ್ಲಿ ಬೇರೆ ಬ್ರೌಸರನ್ನು ಬಳಸುವುದನ್ನೂ ಒಂದಾಗಿ ಸೇರಿಸಿತು.

ಬೇರೆಯದೊಂದು ಅಷ್ಟುಹೊತ್ತಿಗೆ ಸಿದ್ಧವಾಗುತ್ತಿತ್ತು. ಮೊಜಿಲ್ಲಾದ ಸ್ಥೂಲಕಾಯವನ್ನು ಕಂಡು ಬೇಸರಗೊಂಡ ಡೇವ್ ಹಯಟ್, ಬ್ಲೇಕ್ ರಾಸ್ ಮೊದಲಾದ ತರುಣರು ಅದರಿಂದ ಅಂಚೆಯನ್ನೂ ಪುಟರಚನೆಯನ್ನೂ ಕಿತ್ತುಹಾಕಿ, ನೋಡುವ ಕೆಲಸವನ್ನಷ್ಟೇ ಉಳಿಸಿ, 2002ರ ಸೆಪ್ಟೆಂಬರಿನಲ್ಲಿ ‘ಫೀನಿಕ್ಸ್’ ಎಂಬ ಪುಟ್ಟ ಬ್ರೌಸರನ್ನು ಹೊರಬಿಟ್ಟರು. ಆ ಹೆಸರಿನ ಮೇಲೆ ಒಂದು ಕಂಪೆನಿ ಹಕ್ಕು ಹೂಡಿತು; ‘ಫೈರ್‌ಬರ್ಡ್’ ಎಂದು ಬದಲಿಸಿದರೆ ಅದೇ ಹೆಸರಿನ ದತ್ತಸಂಚಯದ ಯೋಜನೆಯೊಂದು ತಕರಾರು ತೆಗೆಯಿತು; ಕಟ್ಟಕಡೆಗೆ 2004ರ ಫೆಬ್ರವರಿಯಲ್ಲಿ ‘ಫೈರ್‌ಫಾಕ್ಸ್’ ನಿಂತಿತು. ಅದೇ ವರ್ಷದ ನವೆಂಬರ್ 9ರಂದು ಬಂದ ಪ್ರಥಮ ಆವೃತ್ತಿ ಐದು ಮೆಗಾಬೈಟಿನ ಒಳಗೇ ಅಡಗಿದ್ದು, ಟೆಲಿಫೋನ್ ತಂತಿಯಲ್ಲಿಯೂ ಇಳಿಸಿಕೊಳ್ಳಬಹುದಾದಷ್ಟು ಹಗುರವಾಗಿತ್ತು. ತಾನಾಗಿ ಮೇಲೆದ್ದು ಬರುವ ಜಾಹೀರಾತುಗಳನ್ನು ತಡೆದು, ಒಂದೇ ಕಿಟಕಿಯೊಳಗೆ ಹಲವು ಪುಟಗಳನ್ನು ಟ್ಯಾಬುಗಳಾಗಿ ತೆರೆಯಗೊಡುತ್ತಿದ್ದ ಇದರ ಪ್ರಚಾರಕ್ಕೆ ಬಳಕೆದಾರರೇ ಚಂದಾ ಎತ್ತಿ, ಡಿಸೆಂಬರ್ 16ರ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಸಾವಿರಾರು ದಾನಿಗಳ ಹೆಸರುಗಳಿಂದ ತುಂಬಿದ ಎರಡು ಪುಟಗಳ ಜಾಹೀರಾತನ್ನು ಹಾಕಿಸಿದರು. ಹಳೆಯದನ್ನು ತೊರೆದು ಹಗುರವಾದುದನ್ನು ಹಿಡಿಯುವುದು ಒಂದು ಚಳವಳಿಯಾದ ಕಾಲವದು. ನಾರ್ವೆಯ ಓಪೆರಾ ಇದಕ್ಕೂ ಮೊದಲೇ ಫ್ಲಾಪಿಯೊಂದರಲ್ಲಿ ಹಿಡಿಯುವಷ್ಟು ಚಿಕ್ಕದೆಂದು ಹೆಸರಾಗಿತ್ತಾದರೂ, 2005ರ ಸೆಪ್ಟೆಂಬರಿನವರೆಗೆ ಹಣ ಕೇಳಿದುದರಿಂದಲೋ ಜಾಹೀರಾತು ಹೊತ್ತುದರಿಂದಲೋ ರಸಿಕರ ವಲಯವನ್ನು ದಾಟಲಿಲ್ಲ.

ಈ ಚಳವಳಿಯಲ್ಲಿ ಕನ್ನಡದ ಓದುಗನಿಗೆ ಬೇರೆಯದೇ ಒಂದು ತೊಡಕಿತ್ತು. 1996ರಲ್ಲಿ ಯು. ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲಪತ್ರಿಕೆ ಆರಂಭವಾದ ಕಾಲದಿಂದ ಬಹಳ ವರ್ಷಗಳ ತನಕ ಜಾಲದ ಕನ್ನಡವೆಂದರೆ ರೋಮನ್ ಅಕ್ಷರಗಳ ಮೇಲೆ ಹೊದಿಸಿದ ಫಾಂಟಿನ ವೇಷವಾಗಿತ್ತು. ಫಾಂಟು ಇಲ್ಲದ ಗಣಕದಲ್ಲಿ ವೇಷ ಕಳಚಿಬೀಳುತ್ತಿತ್ತು: ನುಡಿ ತಂತ್ರಾಂಶದ ಸಂಕೇತದಲ್ಲಿ ಬರೆದ ‘ಕನ್ನಡ’ ಎಂಬ ಮೂರಕ್ಷರದ ಪದ, ಒಂದು ರೋಮನ್ ‘ಪಿ’, ನೆತ್ತಿಯ ಮೇಲೆ ಗೆರೆ ಹೊತ್ತ ‘ಎ’, ಇಂಗ್ಲೆಂಡಿನ ಪೌಂಡಿನ ಗುರುತು, ಜರ್ಮನರ ಜೋಡಿ ‘ಎಸ್’, ಒಂದು ‘ಕ್ಯು’ ಇವುಗಳ ಸಂತೆಯಾಗಿ ಕಾಣಿಸುತ್ತಿತ್ತು. ಪುಟದೊಡನೆ ಫಾಂಟನ್ನೂ ಕಳುಹಿಸಿಕೊಡುವ ಉಪಾಯವಿತ್ತು. ಆದರೆ ಎಕ್ಸ್‌ಪ್ಲೋರರಿನ ವಿಧಾನ ನೆಟ್‌ಸ್ಕೇಪಿಗೆ ಒಗ್ಗದು, ನೆಟ್‌ಸ್ಕೇಪಿನದು ಎಕ್ಸ್‌ಪ್ಲೋರರಿಗೆ ಹಿಡಿಸದು, ಹೊಸದಾಗಿ ಬರೆದ ಮೊಜಿಲ್ಲಾಕ್ಕೆ ಎರಡೂ ಗೊತ್ತಿಲ್ಲ. ಹೀಗಾಗಿ ಫೈರ್‌ಫಾಕ್ಸನ್ನು ಮೆಚ್ಚಿದವನು ಸಹ ಬೆಳಗಿನ ಕನ್ನಡ ಪತ್ರಿಕೆಗಾಗಿ ಹಳೆಯ ಎಕ್ಸ್‌ಪ್ಲೋರರನ್ನು ತೆರೆಯಬೇಕಾಗುತ್ತಿತ್ತು.

ಬಂಧವಿಮೋಚನೆ ಬಂದುದು, ಲಿಪಿಗಳಿಗೆಲ್ಲ ಏಕರೂಪದ ಸಂಕೇತವನ್ನು ಕೊಡುವ ಯುನಿಕೋಡಿನಿಂದ. 1991ರ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ ಗಣಕಗಳು ಅದನ್ನು ಕಲಿತದ್ದು ನಿಧಾನವಾಗಿ. ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಫಾಂಟು ಬಂದಿತು; ಆದರೆ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಬೇರೆಯಾಗಿ ಸಿಡಿಯಿಂದ ಸ್ಥಾಪಿಸಿಕೊಳ್ಳಬೇಕಾಗಿತ್ತು. ಆ ಮೇಲೆಯೂ ಫೈರ್‌ಫಾಕ್ಸಿನಲ್ಲಿ ಒಂದು ವಿಚಿತ್ರ ದೋಷ ಉಳಿದಿತ್ತು: ಬರೆಹದ ಎಡಬಲ ಅಂಚುಗಳನ್ನು ಸಮಗೊಳಿಸಿದ ಪುಟಗಳಲ್ಲಿ ಗುಣಿತವೂ ಒತ್ತಕ್ಷರವೂ ಕಳಚಿ, ಅಕ್ಷರದ ಅಂಗಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. 2008ರ ಜೂನಿನಲ್ಲಿ ಬಂದ ಮೂರನೆಯ ಆವೃತ್ತಿ ಅದನ್ನು ಸರಿಪಡಿಸಿತು. ಹಾಗೆಯೇ, 2006ರಲ್ಲಿ ಜಗತ್ತಿಗೆಲ್ಲ ಬಿಡುಗಡೆಯಾದ ಓಪೆರಾ ಮಿನಿ ಎಂಬ ಫೋನಿನ ಬ್ರೌಸರ್ ಮಾಡಿದ ಉಪಕಾರವೂ ಸ್ಮರಣೀಯವಾದುದು. ಅದು ಪುಟವನ್ನು ನೇರವಾಗಿ ತರದೆ, ತನ್ನ ದೂರದ ಸರ್ವರಿನಲ್ಲಿ ಅದನ್ನು ಹಿಂಡಿ ಕಿರಿದಾಗಿಸಿ ಕಳುಹಿಸುತ್ತಿತ್ತು. ಕನ್ನಡದ ಫಾಂಟೇ ಇಲ್ಲದ ಅಗ್ಗದ ಫೋನಿನಲ್ಲಿಯೂ, ಅದರ ಗುಪ್ತ ಸಂಯೋಜನೆಯ ಪುಟವನ್ನು ತೆರೆದು ಸಂಕೀರ್ಣ ಲಿಪಿಗಳನ್ನು ಚಿತ್ರರೂಪದಲ್ಲಿ ಕೊಡೆಂದು ಆಜ್ಞಾಪಿಸಿದರೆ, ಅಕ್ಷರಗಳನ್ನು ಸರ್ವರಿನಲ್ಲಿಯೇ ಬಿಡಿಸಿ ಒಪ್ಪಿಸುತ್ತಿತ್ತು. ಕನ್ನಡವನ್ನು ಬಲ್ಲ ಫೋನು ಕೊಳ್ಳಲಾರದವನಿಗೂ ಹೀಗೆ ಕನ್ನಡ ಸಿಕ್ಕಿತು.

ಫೈರ್‌ಫಾಕ್ಸಿಗೂ ಕ್ರಮೇಣ ಮೈಬಂದಿತು. ಅದು ನೆನಪಿನ ಸ್ಥಳವನ್ನೆಲ್ಲ ನುಂಗುತ್ತದೆಂಬ ದೂರು ಸಾಮಾನ್ಯವಾಯಿತು. ಆ ಸಂದಿನಲ್ಲಿ, 2008ರ ಸೆಪ್ಟೆಂಬರ್ 2ರಂದು, ಗೂಗಲ್ ಸಂಸ್ಥೆಯ ಕ್ರೋಮ್ ಕಾಲಿಟ್ಟಿತು. ಇದರ ವಂಶಾವಳಿಯೂ ಹಗುರದ ವಂಶಾವಳಿಯೇ: ಆ್ಯಪಲ್ ಸಂಸ್ಥೆ 2003ರಲ್ಲಿ ತನ್ನ ಸಫಾರಿ ಬ್ರೌಸರಿಗೆ ಆಧಾರವಾಗಿ ಕೆಡಿಇ ಎಂಬ ಮುಕ್ತ ತಂತ್ರಾಂಶದ ಬಳಗದ ಸ್ವಯಂಸೇವಕರು ಬರೆದ ಕೆಎಚ್‌ಟಿಎಂಎಲ್ ಎಂಬ, ಪುಟಗಳನ್ನು ಮೂಡಿಸುವ ಯಂತ್ರವನ್ನು ಆರಿಸಿಕೊಳ್ಳಲು ಅದರ ಸಂಕೇತ 1,40,000 ಸಾಲಿಗಿಂತ ಕಡಿಮೆಯಾಗಿದ್ದುದೇ ಒಂದು ಕಾರಣ, ಅದರಿಂದ ಬೆಳೆದ ವೆಬ್‌ಕಿಟ್ ಕ್ರೋಮಿಗೆ ಅಡಿಪಾಯವಾಯಿತು. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಲಾರ್ಸ್ ಬಾಕ್ ಅವರ ತಂಡ ರಚಿಸಿದ ವಿ8 ಎಂಬ ಜಾವಾಸ್ಕ್ರಿಪ್ಟ್ ಯಂತ್ರ ಅದಕ್ಕೆ ವೇಗವನ್ನು ಕೊಟ್ಟಿತು. ಸ್ಟ್ಯಾಟ್‌ಕೌಂಟರ್ ಸಂಸ್ಥೆಯ ಎಣಿಕೆಯ ಪ್ರಕಾರ 2012ರ ಮೇ ತಿಂಗಳಿನಲ್ಲಿ ಕ್ರೋಮ್ ಎಕ್ಸ್‌ಪ್ಲೋರರನ್ನು ಹಿಂದೆ ಹಾಕಿತು. ಒಂದೊಂದು ಟ್ಯಾಬಿಗೂ ಪ್ರತ್ಯೇಕ ಪ್ರಕ್ರಿಯೆಯನ್ನು ನಡೆಸುವ ಅದರ ಪದ್ಧತಿಯಿಂದ ಒಂದು ಪುಟ ಕೆಟ್ಟರೆ ಉಳಿದವು ಕೆಡುವುದು ತಪ್ಪಿತಾದರೂ, ಸಣ್ಣ ಗಣಕದ ನೆನಪು ಬರಿದಾಗತೊಡಗಿ, ಒಂದು ಕಾಲದಲ್ಲಿ ಫೈರ್‌ಫಾಕ್ಸಿನ ಮೇಲಿದ್ದ ದೂರು ಇಂದು ಇದರ ಮೇಲೂ ಉಂಟು. ಮೈಕ್ರೋಸಾಫ್ಟ್ ಕೂಡ 2020ರ ಜನವರಿಯಿಂದ ತನ್ನ ಎಡ್ಜ್ ಬ್ರೌಸರನ್ನು ಕ್ರೋಮಿನ ತಳಹದಿಯ ಮೇಲೆಯೇ ಕಟ್ಟಿ, 2022ರ ಜೂನ್ 15ರಂದು ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿತು.

ಹೆಸರು ಹಲವಾದರೂ ಒಳಗಿನ ಯಂತ್ರಗಳು ಇಂದು ಮೂರೋ ನಾಲ್ಕೋ ಮಾತ್ರ. ಒಂದೇ ಯಂತ್ರದ ಆಳ್ವಿಕೆಯಲ್ಲಿ ಏನಾಗುತ್ತದೆಂಬುದನ್ನು 2001ರಿಂದ 2006ರವರೆಗಿನ ಐದು ವರ್ಷಗಳು ತೋರಿಸಿಕೊಟ್ಟಿವೆ. ಆದುದರಿಂದ ಹಳೆಯ ಬ್ರೌಸರನ್ನು ಬದಲಿಸಹೊರಟ ಓದುಗರು ವೇಗವೊಂದನ್ನೇ ನೋಡಬಾರದು. ಭದ್ರತೆಯ ತಿದ್ದುಪಡಿಗಳು ಅದಕ್ಕೆ ಈಗಲೂ ಬರುತ್ತಿವೆಯೇ, ತಮ್ಮ ಗಣಕದ ಶಕ್ತಿಗೆ ಅದು ತಕ್ಕುದೇ, ಕನ್ನಡವನ್ನು ನೆಟ್ಟಗೆ ತೋರಿಸುತ್ತದೆಯೇ ಎಂಬ ಮೂರನ್ನು ಮೊದಲು ವಿಚಾರಿಸತಕ್ಕುದು. ವಿಂಡೋಸ್ 7ರ ಹಳೆಯ ಗಣಕಗಳನ್ನು ಕ್ರೋಮ್ 109ನೆಯ ಆವೃತ್ತಿಯ ತರುವಾಯ ಕೈಬಿಟ್ಟಾಗ, ಫೈರ್‌ಫಾಕ್ಸ್ ತನ್ನ 115ನೆಯ ದೀರ್ಘಾವಧಿ ಆವೃತ್ತಿಯಿಂದ ಅವನ್ನು ಮುಂದೆಯೂ ಕಾಪಾಡಿತು. ಮನೆಯ ಮೂಲೆಯ ಗಣಕಕ್ಕೆ ಇಂತಹ ವಿವರವೇ ನಿರ್ಣಾಯಕ. ಇವೆಲ್ಲದರ ಮೇಲೆ, ಎರಡು ಬೇರೆ ಬೇರೆ ಯಂತ್ರಗಳ ಬ್ರೌಸರುಗಳನ್ನು ಗಣಕದಲ್ಲಿ ಇಟ್ಟುಕೊಂಡಿರುವುದು ಲೇಸು: ಒಂದು ಭಾರವಾದ ದಿನ ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯ ಓದುಗನ ಕೈಯಲ್ಲಿ ಇದ್ದಷ್ಟು ಕಾಲವೇ ಬ್ರೌಸರುಗಳು ಹಗುರವಾಗಿರಲು ಪ್ರಯತ್ನಿಸುತ್ತವೆ.