ಕೈಕಸುಬು, ಕಾರ್ಖಾನೆ, ಕಚೇರಿ: ಬೆಂಗಳೂರು ಗ್ರಾಮಾಂತರದ ಜನಸಾಮರ್ಥ್ಯ

ಒಂದು ಪ್ರದೇಶದ ಆರ್ಥಿಕ ಜೀವನವು ನೆರೆಯ ಪ್ರದೇಶಗಳ ವ್ಯಾಪಾರದೊಡನೆ ಬೆಸೆದುಕೊಳ್ಳಬೇಕಾದರೆ ಹೆದ್ದಾರಿಯೂ ವಿಮಾನನಿಲ್ದಾಣವೂ ಇದ್ದಮಾತ್ರಕ್ಕೆ ಸಾಲದು. ಆ ಹಾದಿಯಿಂದ ಬಂದ ಉದ್ಯಮಗಳಲ್ಲಿ ದುಡಿಯಬಲ್ಲ ಕುಶಲಜನರೂ, ಆ ಉದ್ಯಮಗಳೊಡನೆ ಸರಿಸಮನಾಗಿ ವ್ಯವಹರಿಸಬಲ್ಲ ಸ್ಥಳೀಯ ಸಂಸ್ಥೆಗಳೂ ಇರತಕ್ಕದ್ದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಭೂಮಿ ಮೊದಲು, ರಸ್ತೆ ಆಮೇಲೆ, ಮನುಷ್ಯನ ಶಿಕ್ಷಣ ಕಟ್ಟಕಡೆಗೆ ಎಂಬ ಕ್ರಮವೇ ಬಹುಮಟ್ಟಿಗೆ ನಡೆದುಬಂದಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲಲ್ಲಿ ಕ್ರಮವು ಹೀಗಿರಲಿಲ್ಲ. 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ಸಂಪದಭ್ಯುದಯ ಸಮಾಜವು ಕೃಷಿಗೆ, ಕೈಗಾರಿಕೆ ವಾಣಿಜ್ಯಗಳಿಗೆ, ವಿದ್ಯಾಭ್ಯಾಸಕ್ಕೆ ಬೇರೆಬೇರೆ ಸಮಿತಿಗಳನ್ನು ಏರ್ಪಡಿಸಿ, ಈ ಮೂರೂ ಒಂದನ್ನೊಂದು ಬಿಟ್ಟು ಬೆಳೆಯಲಾರವೆಂಬ ತತ್ತ್ವವನ್ನು ರಾಜ್ಯನೀತಿಯ ಮಟ್ಟಕ್ಕೇರಿಸಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾದವು. ನಡುವೆ, 1915ರಲ್ಲಿ, ಅದೇ ಸಮಾಜದ ಪ್ರೇರಣೆಯಿಂದ ಕನ್ನಡ ಸಾಹಿತ್ಯ ಪರಿಷತ್ತೂ ಮೂಡಿತು. ಜನರ ನುಡಿಯನ್ನು ಬಲಪಡಿಸದೆ ಅವರ ದುಡಿಮೆಯನ್ನು ಬಲಪಡಿಸಲಾಗದೆಂದು ಅರಿತಿದ್ದ ಆ ಹಿರಿಯರ ದೃಷ್ಟಿವೈಶಾಲ್ಯವು ಇಂದಿನವರಿಗೆ ಸ್ಮರಣೀಯ. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್ಸ್ಟಿಟ್ಯೂಟು ಇದೇ ಪರಂಪರೆಯದು. ಆದರೆ ಈ ಸಂಸ್ಥೆಗಳ ಫಲವು ನಗರಕ್ಕೆ ದೊರೆತಷ್ಟು ಸುತ್ತಲಿನ ಹಳ್ಳಿಗಳಿಗೆ ದೊರೆಯಲಿಲ್ಲವೆಂಬುದನ್ನೂ ಹೇಳಲೇಬೇಕು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ತಾವೇ ಪಾಠಶಾಲೆಗಳಾಗಿ, ಹುಡುಗರನ್ನು ಅಪ್ರೆಂಟಿಸ್‌ಗಳಾಗಿ ಸೇರಿಸಿಕೊಂಡು ಫಿಟ್ಟರು, ಟರ್ನರುಗಳನ್ನಾಗಿ ತಿದ್ದಿದವು. 1961ರ ಅಪ್ರೆಂಟಿಸ್ ಕಾಯಿದೆಯು ಈ ಪದ್ಧತಿಯನ್ನು ಶಾಸನಬದ್ಧಗೊಳಿಸಿತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ತಲೆಯೆತ್ತಿತು.

ಇವುಗಳ ಲೆಕ್ಕಕ್ಕೆ ಬಾರದ ವಿದ್ಯೆಯೊಂದು ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ನಡೆದೇ ಇತ್ತು, ಇಂದಿಗೂ ನಡೆದಿದೆ. ಕಂಡಿಕೆ ಸುತ್ತುವುದರಿಂದ ಮೊದಲಾಗಿ, ವಿದ್ಯುನ್ಮಗ್ಗದ ಸದ್ದಿನ ನಡುವೆ ಹಾಸಿನ ಎಳೆಯೊಂದು ಕಡಿದುದನ್ನು ಕಣ್ಣಿಟ್ಟು ಕಂಡು, ಮಗ್ಗ ನಿಲ್ಲಿಸಿ, ಕಡಿದ ತುದಿಯನ್ನು ಹಣಿಗೆಯ ಸಂದಿನಲ್ಲಿ ಹಾಯಿಸಿ ಗಂಟುಹಾಕುವ ಕೈಚಳಕದವರೆಗೆ, ಎಲ್ಲವನ್ನೂ ಮಕ್ಕಳು ತಾಯಿತಂದೆಗಳ ಪಕ್ಕದಲ್ಲಿ ನಿಂತೇ ಕಲಿತರು. ಇವರ ಕೌಶಲಕ್ಕೆ ಪ್ರಮಾಣಪತ್ರವಿರಲಿಲ್ಲ. ಸೂರತ್ತಿನಿಂದ ಬರುವ ಅಗ್ಗದ ಸೀರೆಗಳು ಇದೇ ಪೇಟೆಗೆ ನುಗ್ಗಿದಾಗ, ದೇಶವೆಲ್ಲ ಒಂದೇ ಮಾರುಕಟ್ಟೆಯಾಗುವುದರ ನೋವನ್ನು ಮೊದಲು ಉಂಡವರು ಇವರೇ. ಹೊಸ ವಿನ್ಯಾಸ, ಬಣ್ಣಗಾರಿಕೆ, ನೇರ ಮಾರಾಟ ಇವುಗಳ ಶಿಕ್ಷಣವು ಮಗ್ಗದ ಬಾಗಿಲಿಗೇ ಬರದಿದ್ದರೆ ಅವರು ಈ ಸ್ಪರ್ಧೆಯಲ್ಲಿ ನಿಲ್ಲುವುದು ಕಷ್ಟ.

ಇನ್ನು ಸಂಸ್ಥೆಗಳ ವಿಷಯ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯು ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಶಕ್ತಿಯನ್ನು ರಾಜ್ಯಮಟ್ಟದ ಮಂಡಳಿಗೆ ಕೊಟ್ಟಿತು. 1985ರ ಶಾಸನವು ಮಹಾನಗರ ಪ್ರದೇಶದ ಯೋಜನೆಯನ್ನು ಪ್ರತ್ಯೇಕ ಪ್ರಾಧಿಕಾರಕ್ಕೆ ಒಪ್ಪಿಸಿತು. 1986ರ ಆಗಸ್ಟ್ 15ರಂದು ಜಿಲ್ಲೆಯೇನೋ ಹುಟ್ಟಿತು, 2007ರಲ್ಲಿ ರಾಮನಗರದ ಕಡೆಯ ನಾಲ್ಕು ತಾಲ್ಲೂಕುಗಳನ್ನು ಕಳೆದುಕೊಂಡು ಈಗಿನ ಆಕಾರಕ್ಕೂ ಬಂದಿತು. ಆದರೆ ಅದರ ಜಿಲ್ಲಾಧಿಕಾರಿಗಳ ಕಚೇರಿಯು ಬಹುಕಾಲ ಬೆಂಗಳೂರು ನಗರದ ಅಂಬೇಡ್ಕರ್ ವೀಧಿಯ ವಿಶ್ವೇಶ್ವರಯ್ಯ ಕೇಂದ್ರದಲ್ಲಿಯೇ ಇದ್ದಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತಾರಾಷ್ಟ್ರೀಯ ವಿಮಾನಗಳು ಇಳಿಯತೊಡಗಿದಾಗಲೂ, ಪಕ್ಕದ ಹಳ್ಳಿಯ ರೈತನು ತನ್ನ ಪಹಣಿಯ ತಕರಾರಿಗಾಗಿ ಜಿಲ್ಲೆಯ ಗಡಿಯನ್ನೇ ದಾಟಿ ಹೋಗಬೇಕಾಗಿತ್ತು. ಬೀರಸಂದ್ರದ ಜಿಲ್ಲಾಡಳಿತ ಭವನವು ಆ ಕೊರತೆಯನ್ನು ತೀರಿಸಿದ್ದು ಬಹಳ ತಡವಾಗಿ.

ತರಬೇತಿಯ ಹೊಸ ಅಲೆಯೂ ತಡವಾಗಿಯೇ ಬಂದಿತು. 2017ರಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ರಾಜ್ಯದ 150 ಕೈಗಾರಿಕಾ ತರಬೇತಿ ಸಂಸ್ಥೆಗಳ ನವೀಕರಣ. ಅಷ್ಟರಲ್ಲಿ ದಾಬಸ್‌ಪೇಟೆಯಲ್ಲಿ ಕೈಗಾರಿಕೆಗಳೂ ಗೋದಾಮುಗಳೂ ಎದ್ದಿದ್ದವು. ಹೊಸಕೋಟೆಯಿಂದ ಆಂಧ್ರ, ತಮಿಳುನಾಡುಗಳನ್ನು ಹಾಯ್ದು ಚೆನ್ನೈ ಬಂದರಿನತ್ತ ಸಾಗುವ ಎಕ್ಸ್‌ಪ್ರೆಸ್ ಹೆದ್ದಾರಿಯ ಕೆಲಸ ಮೊದಲಾಗಿತ್ತು. ದೇವನಹಳ್ಳಿಯ ಬಳಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆಯೂ ಬಂದಿತು. ಸ್ಥಳೀಯರಿಗೆ ಉದ್ಯೋಗವೆಂಬ ಬೇಡಿಕೆಯು ಸರೋಜಿನಿ ಮಹಿಷಿಯವರ ವರದಿಯಿಂದ 2024ರ ಜುಲೈನಲ್ಲಿ ತಡೆಹಿಡಿಯಲ್ಪಟ್ಟ ಮಸೂದೆಯವರೆಗೆ ಮತ್ತೆಮತ್ತೆ ಎದ್ದಿರುವುದು ಸಹಜವೇ ಆಗಿದೆ. ಮೀಸಲಾತಿಯು ಬಾಗಿಲನ್ನು ತೆರೆಯಬಹುದು. ಒಳಗೆ ಹೋದವಳು ಸೂಪರ್‌ವೈಸರ್ ಆಗುವಂತೆ ಮಾಡತಕ್ಕದ್ದು ಶಿಕ್ಷಣ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ ರೈತರು 1,777 ಎಕರೆಯ ಸ್ವಾಧೀನವನ್ನು ವಿರೋಧಿಸಿ ಮೂರು ವರ್ಷಗಳಿಗೂ ಮೇಲ್ಪಟ್ಟು ಹೋರಾಡಿ, 2025ರ ಜುಲೈ 15ರಂದು ಸರ್ಕಾರವು ಆ ಯೋಜನೆಯನ್ನು ಕೈಬಿಡುವಂತೆ ಮಾಡಿದರು. ಜಮೀನು ಉಳಿಯಿತು. ದ್ರಾಕ್ಷಿ, ತರಕಾರಿ, ರೇಷ್ಮೆ ಬೆಳೆಯುವ ಈ ಸೀಮೆಯ ನೆರೆಯಲ್ಲಿಯೇ ವಿಮಾನದ ಸರಕು ಕೇಂದ್ರವಿದೆ. ಯಲಹಂಕದ ಹಾದಿಯಲ್ಲಿ ಕೃಷಿ ವಿಶ್ವವಿದ್ಯಾನಿಲಯವಿದೆ. ಬೆಳೆಯನ್ನು ದರ್ಜೆವಾರು ವಿಂಗಡಿಸುವುದು, ತಣ್ಣಗೆ ಕಾಪಿಡುವುದು, ಪೆಟ್ಟಿಗೆ ಕಟ್ಟುವುದು, ರಫ್ತಿನ ಸಸ್ಯಾರೋಗ್ಯ ಪತ್ರ ಪಡೆಯುವುದು, ಇವೆಲ್ಲವನ್ನೂ ಫಿಟ್ಟರನ ವಿದ್ಯೆಯಷ್ಟೇ ಗೌರವದಿಂದ ಈ ಹಳ್ಳಿಗಳ ಯುವಕ ಯುವತಿಯರಿಗೆ ಕಲಿಸತಕ್ಕ ಏರ್ಪಾಡನ್ನು ಗ್ರಾಮ ಪಂಚಾಯಿತಿಯೂ ವಿಶ್ವವಿದ್ಯಾನಿಲಯವೂ ಕೂಡಿ, ಇನ್ನೊಂದು ಭೂಸ್ವಾಧೀನದ ಅಧಿಸೂಚನೆ ಹೊರಡುವ ಮುನ್ನವೇ ಮಾಡಬೇಕು.