ವೈಟ್‌ಫೀಲ್ಡ್: ಒಂದು ವಸಾಹತು ಗ್ರಾಮ ಮತ್ತು ವೇವರ್ಲಿ ಇನ್ ಐತಿಹ್ಯ

ಬೆಂಗಳೂರಿನ ಪೂರ್ವ ಭಾಗದ ಸ್ಥಳನಾಮಗಳು ಒಂದೇ ಕಾಲದವಲ್ಲ. ದೊಮ್ಮಲೂರು, ಕೋಡಿಹಳ್ಳಿ, ಹಲಸೂರು ಹಳೆಯ ಗ್ರಾಮನಾಮಗಳು. ಅವುಗಳ ಮಗ್ಗುಲಲ್ಲಿ ಬೆಳೆದ ಜೀವನ್ ಬಿಮಾ ನಗರದ ಹೆಸರಿನ ಹಿಂದೆ ಜೀವವಿಮೆಯಿದೆ. ಇನ್ನೂ ಪೂರ್ವಕ್ಕೆ, ಕಾಡುಗೋಡಿಯ ಸಮೀಪದಲ್ಲಿರುವ ವೈಟ್‌ಫೀಲ್ಡ್ ವ್ಯಕ್ತಿಯೊಬ್ಬರ ಹೆಸರನ್ನು ಹೊತ್ತ ಊರು. ಬಿಳಿಯರ ನೆಲ ಎಂಬ ಅರ್ಥ ಹೆಸರಿನಿಂದ ಹೊರಡುವಂತೆ ಕಂಡರೂ ಅದು ಬಿಳಿಯರಿಗಾಗಿ ಹುಟ್ಟಿದ ಊರಲ್ಲ.

ಐರೋಪ್ಯ ತಂದೆ, ಭಾರತೀಯ ತಾಯಿಯರ ಸಂತತಿಯನ್ನು ಅಂದು ಯುರೇಷಿಯನ್ನರೆಂದು ಕರೆಯುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯು 1791ರಲ್ಲಿ ಇವರಿಗೆ ತನ್ನ ಉನ್ನತ ಸೇವೆಗಳ ಬಾಗಿಲು ಮುಚ್ಚಿತು. 1795ರ ಆದೇಶದ ಪ್ರಕಾರ ಸೈನ್ಯದಲ್ಲಿ ಇವರಿಗೆ ಉಳಿದದ್ದು ಕೊಳಲು ಮತ್ತು ತಮಟೆ ಬಾರಿಸುವ, ಕುದುರೆಗೆ ಲಾಳ ಕಟ್ಟುವ ಕೆಲಸಗಳಷ್ಟೆ. ಮುಂದೆ ರೈಲ್ವೆ, ತಂತಿ ಇಲಾಖೆಗಳು ಆಸರೆಯಾದವಾದರೂ ಬಡತನ ನೀಗಲಿಲ್ಲ. ಸರಕಾರಿ ನೌಕರಿಯ ಹಂಗಿಲ್ಲದೆ ಸ್ವಂತ ನೆಲದಲ್ಲಿ ಉತ್ತು ಬದುಕಬೇಕೆಂಬ ಯೋಚನೆಯನ್ನು ಮುಂದಿಟ್ಟವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದ ಡಿ.ಎಸ್. ವೈಟ್. ಮೈಸೂರು ರಾಜ್ಯವನ್ನು 1881ರಲ್ಲಿ ಮರಳಿ ಪಡೆದ ಹತ್ತನೆಯ ಚಾಮರಾಜ ಒಡೆಯರು ಮರುವರ್ಷವೇ, 1882ರಲ್ಲಿ, ಈ ಸಂಘಕ್ಕೆ 3,900 ಎಕರೆ ಭೂಮಿಯನ್ನು ನೀಡಿದರು. ಆಗಿನ್ನೂ ದಂಡುಪ್ರದೇಶವು ಬ್ರಿಟಿಷರ ಆಡಳಿತದಲ್ಲೇ ಇತ್ತು. ಬ್ರಿಟಿಷ್ ಮೂಲದ ಈ ಸಮುದಾಯಕ್ಕೆ ಭೂಮಿ ದೊರೆತದ್ದು ಮಾತ್ರ ದೇಶೀ ಅರಸನಿಂದ ಎಂಬುದು ಗಮನಾರ್ಹ.

ಊರಿನ ವಿನ್ಯಾಸವೂ ವಿಶಿಷ್ಟವಾದುದು. ನಡುವೆ ಬಯಲು, ಅದರ ಸುತ್ತ ದುಂಡನೆಯ ರಸ್ತೆ, ರಸ್ತೆಗೆ ಮುಖಮಾಡಿದ ಮನೆಗಳು, ಅವುಗಳ ಹಿಂದೆ ತೋಟಗಳು. ಇದೇ ಇಂದಿನ ಇನ್ನರ್ ಸರ್ಕಲ್. 1886ರಲ್ಲಿ ಮೆಮೋರಿಯಲ್ ಚರ್ಚ್ ಸ್ಥಾಪನೆಯಾಯಿತು. ಆದರೆ ಕಚೇರಿ, ರೈಲುಗಳ ಕೆಲಸಕ್ಕೆ ಒಗ್ಗಿದವರಿಗೆ ಬೇಸಾಯ ಸುಲಭವಾಗಿ ಕೈಹತ್ತಲಿಲ್ಲ. ಕೃಷಿ ವಸಾಹತು ಕ್ರಮೇಣ ನಿವೃತ್ತರ ನೆಮ್ಮದಿಯ ಹಳ್ಳಿಯಾಯಿತು.

ಈ ವೃತ್ತದಲ್ಲಿದ್ದ ವೇವರ್ಲಿ ಇನ್ ಊರಿನ ದೊಡ್ಡಮನೆ. ಜೇಮ್ಸ್ ಹ್ಯಾಮಿಲ್ಟನ್ ಎಂಬವರು ಇದನ್ನು ನಡೆಸುತ್ತಿದ್ದರೆಂದೂ ಅವರ ಮಗಳು ರೋಸ್‌ಳನ್ನು ಕಾಣಲು ಯುವ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ಬರುತ್ತಿದ್ದನೆಂದೂ ಐತಿಹ್ಯ ಹೇಳುತ್ತದೆ. ಚರ್ಚಿಲ್ 1896ರಲ್ಲಿ ನಾಲ್ಕನೆಯ ಹುಸ್ಸಾರ್ ದಳದೊಡನೆ ಬೆಂಗಳೂರಿಗೆ ಬಂದದ್ದು ನಿಜ. ಪೋಲೋ ಆಟ, ಚಿಟ್ಟೆ ಸಂಗ್ರಹ, ಬಂಗಲೆಯ ಗುಲಾಬಿ ತೋಟ, ಗಿಬ್ಬನ್ನನ ಇತಿಹಾಸದ ಓದು ಇವೆಲ್ಲ ದಾಖಲಾಗಿವೆ. ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕಪುಸ್ತಕದಲ್ಲಿ ಆತನ ವಸೂಲಾಗದ 13 ರೂಪಾಯಿಯ ಬಾಕಿ ಕೂಡ ಉಳಿದಿದೆ. ಆ ದಿನಗಳಲ್ಲಿ ಆತನ ಮನಸೆಳೆದವಳೆಂದು ಚರಿತ್ರಕಾರರು ಗುರುತಿಸುವುದು ಹೈದರಾಬಾದಿನ ರೆಸಿಡೆಂಟರ ಮಗಳು ಪಮೇಲಾ ಪ್ಲೌಡನ್‌ಳನ್ನು. ತನ್ನ ಹಿಂದಿನ ಬಾಳನ್ನು ಕುರಿತ 1930ರ ಕೃತಿಯಲ್ಲಿ ಆತ ಬೆಂಗಳೂರಿನ ಗುಲಾಬಿಗಳನ್ನು ನೆನೆಯುತ್ತಾನೆ. ಐತಿಹ್ಯದ ಹುಡುಗಿಯ ಹೆಸರೂ ಗುಲಾಬಿಯೇ! ತೋಟದ ಹೂವು ಕಥೆಯ ಹೆಣ್ಣಾಗುವುದು ಜಾನಪದಕ್ಕೆ ಹೊಸದೇನಲ್ಲ. ಇಲ್ಲಿಯೂ ಹಾಗೆಯೇ ಆಗಿರಬಹುದೆಂಬುದು ಊಹೆ ಮಾತ್ರ.

ಕಥೆ ನಿಜವೋ ಸುಳ್ಳೋ ಎಂಬುದಕ್ಕಿಂತ ಅದು ಮಾಡಿದ ಕೆಲಸ ಮುಖ್ಯ. ಪ್ರಸಿದ್ಧನೊಬ್ಬನ ಭೇಟಿ ಆ ಮನೆಯನ್ನು ಮಾತ್ರವಲ್ಲ, ಇಡೀ ಊರನ್ನೇ ಆವರಿಸಿತು. ವೈಟ್ ಅವರ ಸಂಘ, ಒಡೆಯರ ದಾನ, ನೇಗಿಲು ಹಿಡಿಯಲು ಹೊರಟವರ ಸೋಲು ಇವು ಹಿನ್ನೆಲೆಗೆ ಸರಿದವು. 1933ರಲ್ಲಿ ಇದೇ ಸಮುದಾಯಕ್ಕಾಗಿ ಇಂದಿನ ಜಾರ್ಖಂಡಿನಲ್ಲಿ ಸ್ಥಾಪಿತವಾದ ಮೆಕ್ಲಸ್ಕಿಗಂಜ್ ತನ್ನ ಸ್ಥಾಪಕರ ಕನಸಿನಿಂದಲೇ ಇಂದಿಗೂ ಪರಿಚಿತ. ವೈಟ್‌ಫೀಲ್ಡಿಗೆ ಆ ಭಾಗ್ಯ ದೊರೆಯಲಿಲ್ಲ.

1990ರ ದಶಕದಲ್ಲಿ ಮಾಹಿತಿ ತಂತ್ರಜ್ಞಾನ ಪಾರ್ಕ್ ಬಂದ ಮೇಲೆ ಹಳ್ಳಿ ನಗರದಲ್ಲಿ ಕರಗಿತು. ಹೊಸಬರಿಗೂ ದೊರೆಯುವುದು ರೋಸ್‌ಳ ಕಥೆಯೇ. ಆದರೆ ವೃತ್ತದ ಹೊರಗೆ ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿಗಳಿವೆ. ದೊಡ್ಡಮನೆಯನ್ನು ಹೊರಗಿನಿಂದ ಕಂಡ ಈ ಊರುಗಳ ಹಿರಿಯರ ಮಾತಿನಲ್ಲಿ ವೈಟ್‌ಫೀಲ್ಡಿನ ಬೇರೊಂದು ಚಿತ್ರ ಇರಲು ಸಾಧ್ಯ. ಕ್ಷೇತ್ರಕಾರ್ಯ ಮೊದಲು ನಡೆಯಬೇಕಾದದ್ದು ಅಲ್ಲಿ.