ಪ್ರೌಢ ವಿದ್ಯಾರ್ಥಿಗಳ ಕಲಾ ಕಲಿಕೆ: ಸೇಡಂ–ಚಿಂಚೋಳಿ ಸೀಮೆ

ಎಂಟನೆಯ ತರಗತಿಯಿಂದ ಪಿಯುಸಿವರೆಗಿನ ಮಕ್ಕಳಿಗೆ ಪಠ್ಯದಾಚೆ ಹಾಡು, ಕುಣಿತ, ನಾಟಕ, ಚಿತ್ರ, ಶಿಲ್ಪಗಳ ಅಭ್ಯಾಸ ಮತ್ತು ವೇದಿಕೆ ಒದಗಿಸುವ ಕಾರ್ಯಕ್ರಮಗಳಿಗೆ ಕರ್ನಾಟಕದಲ್ಲಿ ಹಲವು ಹೆಸರುಗಳಿವೆ. ಪ್ರತಿಭಾ ಕಾರಂಜಿ, ಕಲೋತ್ಸವ, ಕಲಾಶ್ರೀ ಶಿಬಿರ, ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಅವುಗಳಲ್ಲಿ ಮುಖ್ಯವಾದವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸಿಮೆಂಟು, ಹಾಸುಗಲ್ಲು ಮತ್ತು ತೊಗರಿಯ ಸೀಮೆಯಲ್ಲಿ ಇವುಗಳ ಇತಿಹಾಸಕ್ಕೆ ಎರಡು ಎಳೆ. ಒಂದು ಸರ್ಕಾರ ಕಟ್ಟಿದ ವೇದಿಕೆ, ಇನ್ನೊಂದು ಊರು ಮೊದಲಿನಿಂದ ಇಟ್ಟುಕೊಂಡು ಬಂದ ಕಲೆ.

ಹಿನ್ನೆಲೆ

ಈ ಸೀಮೆಗೆ ವಿದ್ಯಾಕೇಂದ್ರಗಳು ಹೊಸತಲ್ಲ. ಚಿತ್ತಾಪುರ ಬಳಿಯ ನಾಗಾವಿಯ ಘಟಿಕಾಸ್ಥಾನದಲ್ಲಿ ಗ್ರಂಥ ಕಾಯಲು ಆರು ಮಂದಿ ‘ಸರಸ್ವತೀ ಭಂಡಾರಿಗ’ರಿದ್ದರೆಂದು 1058ರ ಶಾಸನ ಹೇಳುತ್ತದೆ. ಆದರೆ ಹಳ್ಳಿಯ ಹುಡುಗರಿಗೆ ಕಲೆ ದಕ್ಕಿದ್ದು ಶಾಲೆಯಿಂದಲ್ಲ, ಓಣಿಯಿಂದ. ಮಣ್ಣೆತ್ತಿನ ಅಮಾಸಿಗೆ ಎರೆಮಣ್ಣು ಕಲಸಿ ಜೋಡಿ ಎತ್ತು ಮಾಡುವುದೇ ಇಲ್ಲಿನ ಮಗುವಿನ ಮೊದಲ ಶಿಲ್ಪಪಾಠ. ಭಜನಾ ಮೇಳದಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ, ಮೊಹರಂನಲ್ಲಿ ರಿವಾಯತ್ ಪದ ಮತ್ತು ಅಲಾಯಿ ಹೆಜ್ಜೆ, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ ಕುಣಿತ ಹಾಗೂ ಕನ್ನಡಿ ಕೂರಿಸಿದ ಕಸೂತಿ ಹಿರಿಯರಿಂದ ಕಿರಿಯರಿಗೆ ಇಳಿದುಬಂದವು.

ಡ್ರಾಯಿಂಗ್ ಮಾಸ್ತರರ ಕಾಲ

1948ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೈಸ್ಕೂಲು ಕಲಿಕೆ ಹೆಚ್ಚಾಗಿ ಉರ್ದುವಿನಲ್ಲಿ ನಡೆಯುತ್ತಿತ್ತು, ಶಾಲೆಗಳೂ ವಿರಳ. 1956ರ ಏಕೀಕರಣದ ನಂತರ ರಾಜ್ಯದ ಶಿಕ್ಷಣ ವ್ಯವಸ್ಥೆಯ ಜೊತೆಗೆ ಪ್ರೌಢಶಾಲೆಗೆ ಚಿತ್ರಕಲಾ ಶಿಕ್ಷಕರು, ಜನರ ಬಾಯಲ್ಲಿ ‘ಡ್ರಾಯಿಂಗ್ ಮಾಸ್ತರು’, ಬಂದರು. ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳು ವಸ್ತುಚಿತ್ರ, ವಿನ್ಯಾಸ, ಜ್ಯಾಮಿತಿ ಚಿತ್ರಗಳಲ್ಲಿ ಕೈ ಪಳಗಿಸಿದವು. ಮುಂದೆ ಕಲಾಶಾಲೆ ಸೇರಬೇಕೆನ್ನುವ ಹಳ್ಳಿಯ ಹುಡುಗನಿಗೆ ಅದು ಮೊದಲ ಮೆಟ್ಟಿಲು.

ಕಣ್ಣೆದುರಿಗೆ ದೊಡ್ಡ ಮಾದರಿಯೊಂದಿತ್ತು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬಯಿಯಲ್ಲಿ ಸಿನಿಮಾ ಪೋಸ್ಟರು ಮತ್ತು ಪೌರಾಣಿಕ ಚಿತ್ರಗಳಿಂದ ದೇಶದ ಮನೆಮನೆ ತಲುಪಿದರು. ಕಲಬುರಗಿಯ ರಂಗಮಂದಿರಕ್ಕೆ ಇಂದು ಅವರದೇ ಹೆಸರು.

ಪ್ರತಿಭಾ ಕಾರಂಜಿ

ಈ ಶತಮಾನದ ಮೊದಲ ವರ್ಷಗಳಲ್ಲಿ ಶಿಕ್ಷಣ ಇಲಾಖೆ ಆರಂಭಿಸಿದ ಪ್ರತಿಭಾ ಕಾರಂಜಿ ಚಿತ್ರವನ್ನೇ ಬದಲಿಸಿತು. ಶಾಲೆ, ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಸ್ಪರ್ಧೆ ಇದು. ಕೊಡ್ಲಿಯಂಥ ಹಳ್ಳಿಯ ಹುಡುಗಿಯೂ ತನ್ನ ಶಾಲೆಯಿಂದಲೇ ದಾರಿ ಹಿಡಿಯಬಹುದಾಯಿತು. ಈ ಗಡಿಸೀಮೆಗೆ ಇದರ ಸ್ಪರ್ಧೆಗಳ ಪಟ್ಟಿ ವಿಶೇಷವಾಗಿ ಒಗ್ಗಿತು. ಕಂಠಪಾಠ ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗಿನಲ್ಲೂ ಇದೆ. ಜಾನಪದ ಗೀತೆ, ಕೋಲಾಟಗಳ ಸಾಲಿನಲ್ಲೇ ಗಝಲ್ ಮತ್ತು ಕವ್ವಾಲಿ ನಿಂತಿವೆ. ಶಹಾಬಾದ್, ವಾಡಿಯ ಮಕ್ಕಳಿಗೆ ಇವು ಮನೆಯ ಮಾತು, ಮನೆಯ ರಾಗ.

ತಾಲ್ಲೂಕು ಮಟ್ಟದ ಸ್ಪರ್ಧೆ ನಡೆಯುವುದು ಬಹುಮಟ್ಟಿಗೆ ತೊಗರಿ ಹೂ ಬಿಡುವ ಹೊತ್ತಿಗೆ. ಮಣ್ಣಿನ ಮಾದರಿ ಮಾಡುವವರು ಎರೆಮಣ್ಣನ್ನೇ ನೆಚ್ಚುವಂತಿಲ್ಲ. ಒಣಗುತ್ತಿದ್ದಂತೆ ಅದು ಬಿರಿಯುತ್ತದೆ, ಆನೆಯ ಸೊಂಡಿಲು ತೀರ್ಪುಗಾರರು ಬರುವ ಮೊದಲೇ ಸೀಳುತ್ತದೆ. ಬಲ್ಲವರು ಕುಂಬಾರರ ಮನೆಯ ಹದ ಮಾಡಿದ ಮಣ್ಣು ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಾರೆ. ಪಕ್ಕದ ಪಡಸಾಲೆಯಲ್ಲಿ ರಂಗೋಲಿ. ಬೂದುಬಣ್ಣದ ಶಹಾಬಾದ್ ಫರಸಿಯ ಮೇಲೆ ಬಿಳಿ ಎಳೆ ಎದ್ದು ಕಾಣುತ್ತದೆ, ಆದರೆ ನುಣುಪು ಕಲ್ಲಿನ ಮೇಲೆ ಪುಡಿ ನಿಲ್ಲದು. ಉಸಿರು ಬಿಗಿಹಿಡಿದು ಎಳೆ ಬಿಡಬೇಕು.

ಕಲೋತ್ಸವ

ಹಿರಿಯ ವಿದ್ಯಾರ್ಥಿಗಳಿಗೆಂದೇ ರಾಷ್ಟ್ರಮಟ್ಟದ ವೇದಿಕೆ ತೆರೆದದ್ದು 2015ರಲ್ಲಿ. ಕೇಂದ್ರ ಸರ್ಕಾರ 9ರಿಂದ 12ನೆಯ ತರಗತಿಯವರಿಗೆ ‘ಕಲಾ ಉತ್ಸವ’ (ಕಲೋತ್ಸವ) ಆರಂಭಿಸಿತು. ಕೋವಿಡ್ ಬಂದ 2020ರಲ್ಲಿ ಅದು ಆನ್‌ಲೈನ್‌ಗೆ ಸರಿಯಿತು. ಶಾಸ್ತ್ರೀಯ ಹಾಗೂ ಜಾನಪದ ಗಾಯನ, ವಾದನ, ನೃತ್ಯ, ಚಿತ್ರ, ಶಿಲ್ಪಗಳ ಜೊತೆಗೆ ದೇಶಿ ಆಟಿಕೆ–ಆಟಗಳೂ ಸೇರಿ ಆ ವರ್ಷ ಒಂಬತ್ತು ವಿಭಾಗಗಳಾದವು. ಸಿನಿಮಾ ಹಾಡಿಗೆ ಇಲ್ಲಿ ಜಾಗವಿಲ್ಲ, ಸ್ಥಳೀಯ ಪರಂಪರೆಗೆ ಒತ್ತು. ಅಂದರೆ ಅಜ್ಜ ಕಲಿಸಿದ ತತ್ವಪದಕ್ಕೆ, ತಾಂಡಾದ ಕುಣಿತಕ್ಕೆ ದೆಹಲಿಯ ದಾರಿ ತೆರೆಯಿತು. ಕರ್ನಾಟಕದಲ್ಲಿ ಪ್ರತಿಭಾ ಕಾರಂಜಿ ಮತ್ತು ಕಲೋತ್ಸವ ಈಗ ಜೋಡಿಯಾಗಿ ನಡೆಯುತ್ತವೆ.

ಬೇರೆಡೆಯ ಮಾದರಿಗಳು

ನೆರೆಯ ಕೇರಳದಲ್ಲಿ ಶಾಲಾ ಕಲೋತ್ಸವ 1957ರಷ್ಟು ಹಿಂದೆಯೇ ಶುರುವಾಯಿತು. ಕಾಸರಗೋಡಿನ ಕನ್ನಡ ಮಕ್ಕಳು ಅಲ್ಲಿ ಯಕ್ಷಗಾನ ಆಡುತ್ತಾರೆ, ಕನ್ನಡ ಕಂಠಪಾಠ ಹೇಳುತ್ತಾರೆ. 2019ರ 60ನೆಯ ಉತ್ಸವ ಆ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯ 1963ರಲ್ಲಿ ಆರಂಭಿಸಿದ ಗವರ್ನರ್ಸ್ ಸ್ಕೂಲ್ ಇನ್ನೊಂದು ಬಗೆ. ಪ್ರೌಢಶಾಲೆಯ ಕೊನೆಯ ಹಂತದವರು ಬೇಸಿಗೆಯಲ್ಲಿ ವಾರಗಟ್ಟಲೆ ಒಟ್ಟಿಗಿದ್ದು ಕಲಿಯುತ್ತಾರೆ, ಅಲ್ಲಿ ಪರೀಕ್ಷೆಯೂ ಇಲ್ಲ, ಅಂಕವೂ ಇಲ್ಲ.

ಕೊರತೆ ಮತ್ತು ಸಾಧ್ಯತೆ

ಸ್ಪರ್ಧೆ ಹೆಚ್ಚಿತು, ತಾಲೀಮು ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಸಾಮಾನ್ಯ ವಿದ್ಯಾರ್ಥಿಯ ಚಿತ್ರಕ್ಕೂ ಹಾಡಿಗೂ ಪಾಲಿಲ್ಲ, ಹತ್ತನೆಯ ತರಗತಿಗೆ ಬಂದಕೂಡಲೇ ಕುಂಚ ಪೆಟ್ಟಿಗೆ ಸೇರುತ್ತದೆ. ವಯಸ್ಸಿನ ಗೆರೆಗಳೂ ತೊಡಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ‘ಚಿಗುರು’ ಕಾರ್ಯಕ್ರಮ 14 ವರ್ಷದೊಳಗಿನವರಿಗೆ, ಬಾಲಭವನದ ಕಲಾಶ್ರೀ 16ಕ್ಕೆ ನಿಲ್ಲುತ್ತದೆ. ಅದೇ ಸಂಸ್ಕೃತಿ ಇಲಾಖೆಯ ‘ಯುವ ಸೌರಭ’ದಲ್ಲಿ ಪಿಯುಸಿ ಹುಡುಗಿ 30ರ ಹರೆಯದವರ ಸಾಲಿನಲ್ಲಿ ನಿಲ್ಲಬೇಕು. ಹೆಚ್ಚಿನ ತರಬೇತಿ ಬೇಕೆಂದರೆ ಕಲಬುರಗಿಯೇ ಗತಿ. ಚಿಂಚೋಳಿಯಿಂದ ಅದು ಸುಮಾರು 80 ಕಿ.ಮೀ.

ಸಾಮಗ್ರಿಯಂತೂ ಕೈಗೆಟಕುವಷ್ಟು ಹತ್ತಿರವಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ–ಕನಗನಹಳ್ಳಿಯಲ್ಲಿ ‘ರಾಯೋ ಅಶೋಕೋ’ ಎಂಬ ಬ್ರಾಹ್ಮಿ ಬರಹವುಳ್ಳ ಅಶೋಕನ ಉಬ್ಬುಶಿಲ್ಪವಿದೆ, ಸ್ತೂಪದ ಕೆತ್ತನೆಯ ಹಲಗೆಗಳಿವೆ. ಅವುಗಳನ್ನು ಕೆತ್ತಿದ್ದು ಈ ಸೀಮೆಯ ಸುಣ್ಣಕಲ್ಲಿನಲ್ಲೇ. ಸ್ಕೆಚ್ ಪುಸ್ತಕ ಹಿಡಿದು ಅವುಗಳ ಮುಂದೆ ಒಂದು ದಿನ ಕೂರುವುದು ಹೈಸ್ಕೂಲಿನ ಯಾವ ಚಿತ್ರಪಾಠಕ್ಕೂ ಕಡಿಮೆಯಲ್ಲ. ಸಂಗೀತ ಶಿಕ್ಷಕರಿಲ್ಲದ ಶಾಲೆಗೆ ಹಾರ್ಮೋನಿಯಂ ಇಂದಿಗೂ ಊರ ಭಜನಾ ಮೇಳದಿಂದ ಬರುತ್ತದೆ. ಅದರ ಜೊತೆಗೆ ಅದನ್ನು ನುಡಿಸುವ ಹಿರಿಯರನ್ನೂ ವಾರಕ್ಕೊಮ್ಮೆ ತರಗತಿಗೆ ಕರೆಸಿ, ಗೌರವಧನ ಕೊಟ್ಟು ಕೂರಿಸುವ ವ್ಯವಸ್ಥೆ ಈ ಐದೂ ಊರುಗಳ ಪ್ರೌಢಶಾಲೆಗಳಿಗೆ ಬೇಕಾಗಿದೆ.